ಅಕ್ಕನ ಕಿವಿಗೆ ಮಾತ್ರ

ಮಾರ್ಚ್ ೧೧, ಮಂಗಳವಾರ

ಇವತ್ತಿನಿಂದ ಅಕ್ಕನ ಫೋನಿಗೆ ನಾನು ಬೇಕಾಗಿಲ್ಲ. ಸಂತೋಷವೋ ಸಂಕಟವೋ ತಿಳಿಯುತ್ತಿಲ್ಲ.

ಅವಳಿಗೆ ಕಣ್ಣು ಕಾಣದ್ದರಿಂದ ಭಾವ ಆಗುವವರ ಮೆಸೇಜುಗಳನ್ನು ನಾನೇ ಓದಿ ಹೇಳುತ್ತಿದ್ದೆ. ಮದುವೆ ಗೊತ್ತಾದ ಮೇಲೂ ಪಾಪ, ಅವರು "ಊಟ ಆಯ್ತಾ?" ದಾಟಿ ಬರೆಯಲಿಲ್ಲ. ಅಕ್ಕನೂ "ಆಯ್ತು ಅಂತ ಹಾಕು" ಎನ್ನುವುದನ್ನು ದಾಟಲಿಲ್ಲ. ನಡುವೆ ನಾನಿದ್ದೆನಲ್ಲ!

ಅಕ್ಕನ ಆಫೀಸಿನ ಗೆಳತಿ, ಅವಳೂ ಕಣ್ಣು ಕಾಣದವಳೇ, ಸಂಜೆ ಬಂದು ಫೋನಿಗೆ ಮಾತು ಬರಿಸಿಕೊಟ್ಟಳು. ಬೆರಳಿಟ್ಟಲ್ಲೆಲ್ಲ ಅದು ಓದಿ ಹೇಳುತ್ತದೆ.

"ಅಬ್ಬಾ, ನಿನಗಿಂತ ಬಾಯಿಬಡುಕಿ ಕಣೇ ಇದು," ಎಂದಳು ಅಕ್ಕ.

ಇಯರ್‌ಫೋನ್ ಸಿಕ್ಕಿಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ, ತುಂಬ ಹೊತ್ತು ಬರೆದಳು. ಉತ್ತರ ಬಂತು. ಕೇಳಿಸಿಕೊಂಡು ಕೆನ್ನೆ ಕೆಂಪಾಗಿಸಿಕೊಂಡು ನಕ್ಕಳು.

"ಏನಂತೆ ಅಕ್ಕಾ?"

"ನಿಂಗ್ಯಾಕೆ? ಹೋಗಿ ಮಲ್ಕೋ."

ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? ಆದರೆ ಹುಟ್ಟಿದಾಗಿನಿಂದ ಅವಳಿಗೆ ಸಿಕ್ಕ ಮೊದಲ ಗುಟ್ಟು ಇದು.

ಈಗ ಪಕ್ಕದ ಕೋಣೆಯ ಕತ್ತಲಲ್ಲಿ ಅವಳ ಬೆರಳು ಫೋನಿನ ಮೇಲೆ ಟಪ್ ಟಪ್ ಎನ್ನುತ್ತಿದೆ. ಅಲ್ಲಿ ದೀಪ ಇದ್ದಿದ್ದರೂ ನಾನು ಇಣುಕುತ್ತಿರಲಿಲ್ಲ. ಇಲ್ಲ, ಇಣುಕುತ್ತಿದ್ದೆ. ಸಾಕು, ನಿದ್ದೆಗೆ ಕಣ್ಣು ಎಳೆಯುತ್ತಿದೆ. ಅವಳು ಇವತ್ತಾದರೂ ಊಟದ ಮಾತು ದಾಟಿ ಬರೆಯಲಿ...