ಅಕ್ಕ ನುಂಗಿದಳು

ಗುರುವಾರ, ಹದಿನಾಲ್ಕನೇ ತಾರೀಕು.

ಅಕ್ಕ ಇವತ್ತೂ ನುಂಗದಿದ್ದರೆ ಮೂಗಿನಿಂದ ನಳಿಕೆ ಹಾಕಬೇಕು ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆಯಿಂದ ತಲೆಯಲ್ಲಿ ಅದೇ. ಒಂದೇ ಒಲೆಯ ಮುಂದೆ ಜಗಳವಾಡುತ್ತಲೇ ಮುದುಕಿಯರಾದ ವಾರಗಿತ್ತಿಯರು ನಾವು. ಮರೆವಿನ ಕಾಯಿಲೆಯಲ್ಲಿ ಅವಳಿಗೆ ನಾನು ಯಾರೆಂಬುದು ಹೋಯಿತು, ಈಗ ನುಂಗುವುದೂ ಮರೆತಿದೆ. ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಾಳೆ.

ಮಧ್ಯಾಹ್ನ ನನ್ನ ಸೊಸೆ ಅವಳನ್ನು ನೆಟ್ಟಗೆ ಕೂರಿಸಿ, ಗದ್ದ ತುಸು ತಗ್ಗಿಸಿ, ಅರ್ಧ ಚಮಚ ಗಟ್ಟಿ ಗಂಜಿ ಕೊಟ್ಟಳು.

"ನುಂಗಿ ದೊಡ್ಡತ್ತೆ, ನಮ್ಮ ಬಂಗಾರ ಅಲ್ವಾ?"

ಬಂಗಾರ ಗೋಡೆ ನೋಡುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅವಳಿಗೆಲ್ಲಿ ರುಚಿ ಗೊತ್ತು ಬಿಡೇ, ಜೀವಮಾನವಿಡೀ ಸೀದ ಅಡುಗೆ ಮಾಡಿದವಳು."

ಅಕ್ಕನ ಕಣ್ಣು ನನ್ನತ್ತ ತಿರುಗಿತು. ಗಂಟಲು ಮೇಲೆದ್ದು ಇಳಿಯಿತು. ಬಾಯಿ ಖಾಲಿ ಮಾಡಿಕೊಂಡು ಹೇಳಿದಳು, "ನಿಂದು ಬೇಯೋದೇ ಇಲ್ವಲ್ಲೇ."

ಸೊಸೆ ಇನ್ನರ್ಧ ಚಮಚ ತುಂಬಿಕೊಂಡಳು. ಆಮೇಲೆ ಮೆಲ್ಲಗೆ, "ಅತ್ತೆ, ಇನ್ನೊಂದು ಬೈಯ್ರಿ" ಎಂದಳು.

ಬೈದೆ. ಒಂದೊಂದು ಚಮಚಕ್ಕೆ ಒಂದೊಂದು. ಬಟ್ಟಲು ಖಾಲಿಯಾಯಿತು, ಒಂದು ಸಲವೂ ಕೆಮ್ಮಲಿಲ್ಲ.

ನನ್ನ ಹೆಸರು ಹೋಗಿದೆ, ಅವಳ ಗಂಡನ ಮುಖ ಹೋಗಿದೆ. ನನಗೆ ಎದುರು ಮಾತಾಡಬೇಕೆನ್ನುವುದು ಮಾತ್ರ ಎಲ್ಲೋ ಕೂತಿದೆ, ಅದು ಸತ್ತಂತಿದ್ದ ಗಂಟಲನ್ನೇ ಎತ್ತಿ ಇಳಿಸಿತು. ಎಂಥ ವಸ್ತು ಅದು, ಯಾರು ಇಟ್ಟರು ಅಲ್ಲಿ? ಈಗ ನನ್ನ ಗಂಟಲ ಮೇಲೂ ಬೆರಳಿಟ್ಟು ಎಂಜಲು ನುಂಗಿ ನೋಡಿದೆ. ಏಳುತ್ತದೆ, ಇಳಿಯುತ್ತದೆ. ಇಷ್ಟು ವರ್ಷ ನನ್ನನ್ನು ಕೇಳದೆಯೇ ನಡೆದಿದೆ. ಮೈ ಜುಮ್ಮೆಂದಿತು.

ಕಣ್ಣು ಎಳೆಯುತ್ತಿದೆ. ನಾಳೆ ಅವಳ ತವರಿನವರ ಮಾತೆತ್ತುತ್ತೇನೆ, ಅದಕ್ಕಾದರೆ ಎರಡು ಬಟ್ಟಲು…