ನೀಲಿ ಬಣ್ಣಕ್ಕೆ ಕಾಣದ ಮರಿಗಳು

ಕಂಪಾಲಾ,
೯ ಮಾರ್ಚ್ ೨೦೧೦

ನನ್ನ ಮುದ್ದು ನಬ್ಬೋಸಾ,

ಡರ್ಬನ್ನಿನ ಗಾಳಿಗೆ ನಿನ್ನ ಗಂಟಲು ಒಗ್ಗಿತೇ? ಮಟೋಕೆ ಬಾಳೆಕಾಯಿ ಸಿಗುವುದಿಲ್ಲವೆಂದು ಬರೀ ಬ್ರೆಡ್ಡು ತಿಂದು ದಿನ ದೂಡಬೇಡ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಬೇರೆ ಸೋದರತ್ತೆಯರು ತಮ್ಮನ ಮಗಳಿಗೆ ಸಂಸಾರದ ಗುಟ್ಟು ಹೇಳಿಕೊಡುತ್ತಾರೆ. ನಾನು ಇಲಿಯ ಶ್ವಾಸಕೋಶ ಅರೆದು ಸೋಸುವುದನ್ನು ಹೇಳಿಕೊಟ್ಟೆ. ನಿನ್ನಮ್ಮ ಇನ್ನೂ ಕ್ಷಮಿಸಿಲ್ಲ.

ನೀನು ಹೋದಮೇಲೆ ನಮ್ಮ ಪ್ರಯೋಗಾಲಯಕ್ಕೆ ಮುಖ್ಯಸ್ಥನಾಗಿ ಬಂದ ಡಾಕ್ಟರ್ ಲುಸ್ವಾತನ ಪ್ರತಾಪ ಕೇಳು. ಮಹಾಶಯನಿಗೆ ಟೈ ಕಟ್ಟಲು ಬರುತ್ತದೆ, ಅಷ್ಟೇ. ಇಲಿಯ ಶ್ವಾಸಕೋಶದಲ್ಲಿ ಬೆಳೆದು ನಿಮೋನಿಯಾ ತರುವ ನಮ್ಮ ಶಿಲೀಂಧ್ರದ ಗಟ್ಟಿ ಗೋಡೆಯ ಕೋಶಗಳನ್ನೂ ಅದರದೇ ಬರಿಮೈಯ ಮರಿಗಳನ್ನೂ ಬೇರ್ಪಡಿಸಲು ನೀನೆಷ್ಟು ಒದ್ದಾಡಿದೆ! ಮರಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆಂದು ಮೊದಲು ಅಂಟು ಬಿಡಿಸುವ ದ್ರಾವಣದಲ್ಲಿ ನೆನೆಸಿ, ಆಮೇಲೆ ಸೋಸುತ್ತಿದ್ದೆ. ಸಣ್ಣ ಮರಿಗಳು ಕೆಳಗಿಳಿದು ದೊಡ್ಡ ಕೋಶಗಳು ಸೋಸುಹಾಳೆಯ ಮೇಲೆ ಉಳಿಯುತ್ತಿದ್ದವು. ಈತ ನೆನೆಸುವುದನ್ನೇ ಕೈಬಿಟ್ಟ. “ಅರ್ಧ ದಿನ ದಂಡ ಯಾಕೆ ನ್ಯಾಬೊ?” ಅಂದ, ‘ಅಮ್ಮ’ ಎನ್ನುವ ಮರ್ಯಾದೆಗೇನೂ ಕಮ್ಮಿಯಿಲ್ಲ. ಹಾಳೆಯ ಮೇಲೆ ಉಳಿದದ್ದನ್ನು ಕೊಳವೆಗೆ ತುಂಬಿ, ಅದರ ಒಂದು ಹನಿಗೆ ನೀಲಿ ಬಣ್ಣ ಹಾಕಿ ನನ್ನನ್ನು ಕರೆದ. “ನೋಡಿ, ಒಂದಾದ್ರೂ ಮರಿ ಕಾಣ್ಸುತ್ತಾ? ಅಪ್ಪಟ ಕೋಶ!”

“ಕಾಣ್ಸೋದು ಹೇಗೆ ಸೇಬೊ?” ಎಂದು ನಾನೂ ‘ಸ್ವಾಮಿ’ ಹಚ್ಚಿಯೇ ಅಂದೆ. “ಆ ನೀಲಿ ಹತ್ತೋದು ಗೋಡೆಗೆ. ಮರಿಗೆ ಗೋಡೆ ಎಲ್ಲಿದೆ? ಕಣ್ಮುಚ್ಕೊಂಡು ಮನೇಲಿ ಯಾರೂ ಇಲ್ಲ ಅಂದ್ಹಂಗಾಯ್ತು.”

“ಇಲಿ ಗೂಡು ತೊಳೆಯೋಕೆ ಬಂದೋರು ನನಗೆ ಪಾಠ ಹೇಳ್ತೀರಾ?”

“ತೊಳೆದೆ ಸೇಬೊ, ಇಪ್ಪತ್ತೆರಡು ವರ್ಷ. ಅದಕ್ಕೇ ಕೊಳಕು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತೆ.”

ಅದೇ ಕೊಳವೆಯ ಇನ್ನೊಂದು ಹನಿಗೆ, ಗೋಡೆಯಿಲ್ಲದ್ದಕ್ಕೂ ಹತ್ತುವ ಜೀಮ್ಸಾ ಬಣ್ಣ ಹಾಕಿ ಅವನ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕೋಶಗಳ ಸುತ್ತ ಮರಿಗಳ ಸಂತೆ! ನೋಡಿದ, ಟೈ ಸರಿಮಾಡಿಕೊಂಡ. “ಈ ಬಣ್ಣ ಹಳೇದಾಗಿದೆ, ನಂಬೋಕಾಗಲ್ಲ” ಎಂದು ಗಾಜಿನ ಪಟ್ಟಿಯನ್ನು ಕಸಕ್ಕೆ ಎಸೆದ. ಬಣ್ಣ ಹಳೆಯದಾದರೆ ಇಲ್ಲದ ಮರಿ ಹುಟ್ಟುತ್ತದೆಯೇ? ಇಂಥವನಿಗೆ ಪದವಿ ಕೊಟ್ಟವರು ಅದಾವ ಬಣ್ಣ ಹಾಕಿ ನೋಡಿದ್ದರೋ!

ಹೊತ್ತುಹೊತ್ತಿಗೆ ಉಣ್ಣು, ಸಂಜೆ ಒಬ್ಬಳೇ ತಿರುಗಬೇಡ. ಪೂರ್ವಜರ ಕಣ್ಣು ನಿನ್ನ ಮೇಲಿರಲಿ.

ನಿನ್ನ ಅತ್ತೆ,
ನಕಬುಗೊ

ಮರೆತೆನೆಂದುಕೊಳ್ಳಬೇಡ, ಬರೆಯಲು ಕೈ ಬರಲಿಲ್ಲ: ಈ ಕೋಶಗಳ ಬಗ್ಗೆ ಅವನು ಬರೆದ ಲೇಖನದಲ್ಲಿ ಎರಡನೆಯ ಹೆಸರು ನಿನ್ನದು. ‘ನಬ್ಬೋಸಳ ವಿಧಾನದಂತೆ ಬೇರ್ಪಡಿಸಿದ ಶುದ್ಧ ಕೋಶಗಳು’ ಎಂದೇ ಬರೆದಿದ್ದಾನೆ. ಶುಕ್ರವಾರ ಪತ್ರಿಕೆಗೆ ಕಳಿಸುತ್ತಾನಂತೆ. ಅದಕ್ಕೇ ಇದನ್ನು ನಾಳೆ ವಿಮಾನ ಹತ್ತುವ ನಮ್ಮ ಪಾದ್ರಿಯ ಕೈಯಲ್ಲಿ ಕೊಡುತ್ತಿದ್ದೇನೆ. ಹತ್ತಿಯಲ್ಲಿ ಸುತ್ತಿದ್ದು ಅದೇ ಕೊಳವೆಯಿಂದ ಮಾಡಿದ ಮತ್ತೊಂದು ಗಾಜಿನ ಪಟ್ಟಿ. ನೀನೇ ನೋಡು. ಮರಳಿ ಬಂದಾಗ ನಿನಗೆ ಕೆಲಸ ಕೊಡಬೇಕಾದವನೂ ಅವನೇ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಉದ್ದ ಕಾಗದ ಬೇಡ, ವಿನಯ ಬೇಡ. ‘ನನ್ನ ಹೆಸರು ತೆಗೆಯಿರಿ’ ಎಂದು ಬರಿ.