ಗಿಣ್ಣಿನ ಬಟ್ಟಲು

ಹಂಪಸಾಗರ
ಶುಕ್ರವಾರ, ೨೧-೨-೨೦೨೫

ನಮ್ಮ ಮನೆಯವರಿಗೆ ಭಾಗ್ಯಳ ನಮಸ್ಕಾರ.

ನಿಂತು ಓದಬೇಡಿ, ಕುಳಿತು ಓದಿ. ನಿಮಗೆ ಜಾಮೀನು ಸಿಕ್ಕಿತು! ಸೋಮವಾರ ಮನೆಗೆ ಬರುತ್ತೀರಿ! ಕೋರ್ಟಿನಿಂದ ಬಂದವಳು ಸೀರೆ ಕೂಡ ಬದಲಿಸದೆ ಬರೆಯಲು ಕುಳಿತಿದ್ದೇನೆ. ಅಕ್ಷರ ಸೊಟ್ಟಗಾದರೆ ನಗಬೇಡಿ. ನಾಳೆ ವಕೀಲರು ಸುಜಾತಾ ಮೇಡಂ ಜೈಲಿಗೆ ಬರುತ್ತಾರಲ್ಲ, ಅವರ ಕೈಯಲ್ಲೇ ಈ ಪತ್ರ ಕಳಿಸುತ್ತೇನೆ.

ಹೋದ ಸಲ ಜಾಲರಿಯ ಆಚೆಯಿಂದ ನೀವು "ಎಮ್ಮಿ ಈದೈತೇನು?" ಎಂದು ಕೇಳಿದಿರಿ. ಆ ಒಂದು ಮಾತಿಗೆ ನಾನು ದಾರಿಯುದ್ದಕ್ಕೂ ಅಳುತ್ತಾ ನಗುತ್ತಾ ಬಂದೆ. ಜೈಲಿಗೆ ಹೋದ ಹೊಸದರಲ್ಲಿ ನಿಮಗೆ ನನ್ನ ಗುರುತೂ ಹತ್ತುತ್ತಿರಲಿಲ್ಲ, ಗೋಡೆಯ ಜೊತೆ ಜಗಳವಾಡುತ್ತಿದ್ದಿರಿ. ಕಾವಲಿನವರು "ನಾಟಕ ಮಾಡ್ತಾನ್ರಿ" ಎಂದರು. ಅವರನ್ನೇಕೆ ಅನ್ನಲಿ, ನಾವೂ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿ ಕುಳಿತಿದ್ದೆವು. ಸುಜಾತಾ ಮೇಡಂ ಬಿಡದೆ ಅರ್ಜಿ ಹಾಕಿ ಮನೋರೋಗದ ಡಾಕ್ಟರನ್ನು ಕರೆಸಿದ ಮೇಲೆ ತಾನೇ, ಇದು ಕಾಯಿಲೆ, ಇದಕ್ಕೂ ಮಾತ್ರೆ ಇದೆ ಎಂದು ಗೊತ್ತಾಗಿದ್ದು! ಜೈಲಿಗೆ ಹೋಗುವ ಮುಂಚೆ, ನಿದ್ದೆಯಿಲ್ಲದ ಆ ದಿನಗಳಲ್ಲಿ, ಪಕ್ಕದ ಮನೆಯ ಉಚ್ಚಂಗೆಪ್ಪ ಮಾವ ನಿಮ್ಮನ್ನು ಕೊಲ್ಲುವ ಮಾತಾಡುತ್ತಿದ್ದಂತೆ ಗೋಡೆಯಾಚೆಯಿಂದ ನಿಮಗೆ ಕೇಳಿಸುತ್ತಿತ್ತು. ಅವರು ಪಾಪ ಗೊರಕೆ ಹೊಡೆಯುತ್ತಿದ್ದರು. ಆ ಅಂಜಿಕೆಯಲ್ಲೇ ನೀವು ಅವರ ಮೇವಿನ ಬಣವೆಗೆ ಬೆಂಕಿ ಇಟ್ಟಿದ್ದು.

ಈಗ ಎಮ್ಮೆಯ ಸುದ್ದಿ. ಈದಿದೆ! ಹೆಣ್ಣು ಕರು, ಹಣೆಯ ಮೇಲೆ ಬಿಳಿ ಚುಕ್ಕೆ. ಗಿಣ್ಣು ಕಾಸಿ ಬಟ್ಟಲುಗಳಿಗೆ ಹಾಕಿಟ್ಟು ನಾನು ಕರುವಿನ ಹತ್ತಿರ ಹೋದೆ. ಅಷ್ಟರಲ್ಲಿ ಅತ್ತೆ ಏನು ಮಾಡಿದರು ಗೊತ್ತೇ? ಓಣಿಗೆಲ್ಲ ಹಂಚಲು ಹೊರಟವರು, ಹಳೆಯ ರೂಢಿಯಂತೆ ಮೊದಲ ಬಟ್ಟಲನ್ನು ಉಚ್ಚಂಗೆಪ್ಪ ಮಾವನ ಮನೆಗೇ ಕೊಟ್ಟು ಬಂದಿದ್ದಾರೆ! ಬಣವೆ ಸುಟ್ಟಾಗಿನಿಂದ ಆ ಮನೆಗೂ ನಮಗೂ ಮಾತಿಲ್ಲ. ನಾನು ಹಣೆ ಹಣೆ ಚಚ್ಚಿಕೊಂಡೆ. "ಮರ್ತ ಬಿಟ್ನೆವ್ವಾ, ಕಾಲು ತಾವ ಆ ಕಡಿ ಹೋದ್ವು" ಎಂದರು ಅತ್ತೆ. ಓಣಿಯ ಬಟ್ಟಲುಗಳೆಲ್ಲ ಸಂಜೆಯೊಳಗೆ ಬಂದವು, ಒಂದರಲ್ಲಿ ಬೆಲ್ಲ, ಇನ್ನೊಂದರಲ್ಲಿ ಹಿಡಿ ಜೋಳ. ಗಿಣ್ಣಿನ ಪಾತ್ರೆಯನ್ನು ಯಾರು ತಾನೇ ಬರಿದಾಗಿ ಕೊಡುತ್ತಾರೆ? ಅವರ ಮನೆಯದು ಮಾತ್ರ ಬರಲೇ ಇಲ್ಲ.

ಅತ್ತ ಕೋರ್ಟು, ಹೊಲ ಇರುವ ಒಬ್ಬರು ಜಾಮೀನು ನಿಂತು, ಇವರನ್ನು ನೋಡಿಕೊಳ್ಳುತ್ತೇನೆ, ತಪ್ಪದೆ ಡಾಕ್ಟರಿಗೆ ತೋರಿಸುತ್ತೇನೆ ಎಂದು ಬರೆದುಕೊಟ್ಟರೆ ಮಾತ್ರ ಬಿಡುತ್ತೇವೆ ಎಂದಿತ್ತು. ನಮಗೋ ಅಂಗೈ ಅಗಲ ನೆಲವಿಲ್ಲ. ನನ್ನ ಸ್ವಂತ ಅಣ್ಣ ಮೌನೇಶನೇ "ತಲಿ ಕೆಟ್ಟೋನ್ನ ನಂಬಿ ಹೊಲ ಕಳಕೊಳ್ಳಲೇನು?" ಎಂದುಬಿಟ್ಟ. ಇವತ್ತು ಬೆಳಿಗ್ಗೆ ಕೋರ್ಟಿನ ಕಟ್ಟೆಯ ಮೇಲೆ ಬರಿಗೈಲಿ ಕುಳಿತಿದ್ದೆ. ಆಗ ಒಬ್ಬರು ಬಂದರು, ಸಹಿ ಹಾಕಿದರು! ಯಾರೆಂದು ಈಗಲೇ ಹೇಳುವುದಿಲ್ಲ, ಗಾಬರಿಯಾಗುತ್ತೀರಿ. ಮೊದಲು ಊಟ ಮಾಡಿ ಮಾತ್ರೆ ನುಂಗಿ.

ಮನೆಗೆ ಬಂದ ಮೇಲೂ ಮಾತ್ರೆ ತಪ್ಪಿಸುವಂತಿಲ್ಲ. ತಪ್ಪಿಸಿದರೆ ಪೊಲೀಸರಿಗಿಂತ ಮೊದಲು ನಾನೇ ನಿಮ್ಮನ್ನು ಒಳಗೆ ಹಾಕಿಸುತ್ತೇನೆ, ನೋಡುತ್ತಿರಿ.

ಸೋಮವಾರಕ್ಕೆ ಕಾದು ಕೂತಿರುವ,
ಭಾಗ್ಯ

ತಾ.ಕ.: ಊಟ ಆಯಿತೇ? ಹಾಗಾದರೆ ಓದಿ. ಜಾಮೀನು ನಿಂತವರು ಉಚ್ಚಂಗೆಪ್ಪ ಮಾವ. ಅವರ ಕೈಯಲ್ಲಿ ನಮ್ಮ ಬಟ್ಟಲು, ಬಟ್ಟಲಲ್ಲಿ ಮಡಿಸಿಟ್ಟ ಅವರ ಹೊಲದ ಪಹಣಿ! "ಬಣವಿ ಮತ್ತ ಒಟ್ಟಬೌದು. ಬಟ್ಲಾ ಬರಿದ ಹೆಂಗ ಕೊಡ್ಲಿ, ಭಾಗ್ಯವ್ವಾ" ಎಂದರು. ಸೋಮವಾರ ಅವರೂ ನನ್ನ ಜೊತೆ ಜೈಲಿನ ಗೇಟಿಗೆ ಬರುತ್ತಾರೆ. ಆದರೆ ಹೊರಡುವಾಗ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: "ರಾಮಾಂಜನೇಯಗ ನನ್ನ ಕಂಡ್ರ ಇನ್ನೂ ಅಂಜಿಕಿ ಇದ್ರ ಹೇಳವ್ವಾ, ಬರಾಗ ಬಸ್ಸಿನಾಗ ನಾ ಹಿಂದಿನ ಸೀಟಿಗೆ ಕುಂದರ್ತೀನಿ." ನಿಮ್ಮ ಪಕ್ಕದ ಸೀಟು ನನಗೆ ಬೇಡ. ಟವೆಲ್ ಹಾಕಿ ಅವರಿಗೆ ಹಿಡಿಯಿರಿ.